ಮಲೆನಾಡಿನ ಮನೆಗೆ ನಿಂಟೆಂಡೊ ಸ್ವಿಚ್ 2 ಹೊಂದೀತೇ? ಬಲ್ಲವರು ತಿಳಿಸಿ

ಪ್ರಶ್ನೆ: ತೋಟದಮನೆ (ಕೊಪ್ಪ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದೆ. ಮಗಳು ಎಂಟನೆಯ ತರಗತಿ, ಮಗ ಮೂರನೆಯ ತರಗತಿ. ಇಬ್ಬರೂ ಬಹಳ ದಿನಗಳಿಂದ ಗೇಮ್ ಕನ್ಸೋಲ್ ಬೇಕೆಂದು ಕೇಳುತ್ತಿದ್ದಾರೆ. ಒಬ್ಬೊಬ್ಬರು ಒಂದೊಂದು ಮೊಬೈಲ್ ಹಿಡಿದು ಒಂದೊಂದು ಮೂಲೆ ಸೇರುವುದಕ್ಕಿಂತ ಟಿವಿಯ ಮುಂದೆ ಒಟ್ಟಿಗೆ ಕುಳಿತು ಆಡುವುದು ಮೇಲು ಎಂದು ನಾನೂ ನಮ್ಮ ಯಜಮಾನರೂ ಕೊನೆಗೆ ಒಪ್ಪಿದ್ದೇವೆ.

ಯಾವುದನ್ನು ಕೊಳ್ಳಬೇಕೆಂಬುದೇ ಈಗಿನ ಪ್ರಶ್ನೆ. ಮಕ್ಕಳ ಮನಸ್ಸು ನಿಂಟೆಂಡೊ ಸ್ವಿಚ್ 2ರ ಮೇಲಿದೆ. ನಾನು ಓದಿದ ವಿಮರ್ಶೆಗಳೆಲ್ಲ ಅದರ ಚಿಪ್ ಎಷ್ಟು ವೇಗದ್ದು, ಚಿತ್ರ ಎಷ್ಟು ಸ್ಪಷ್ಟ ಎಂಬುದನ್ನೇ ಹೇಳುತ್ತವೆಯೇ ಹೊರತು ನಮ್ಮಂತಹ ಮನೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೇಳುವುದಿಲ್ಲ. ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ, ಕೆಲವೊಮ್ಮೆ ಮರುದಿನದವರೆಗೂ ಬರುವುದಿಲ್ಲ. ಮನೆಯಲ್ಲಿ ಸಾಧಾರಣ ಇನ್ವರ್ಟರ್ ಇದೆ. ಇಂಟರ್ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ, ಅದೂ ಜಗಲಿಯ ಒಂದು ತುದಿಯಲ್ಲಿ ಸಿಗ್ನಲ್ ಸಿಕ್ಕಾಗ.

ನನ್ನ ತಮ್ಮ ಜಪಾನಿನಲ್ಲಿ ಕೆಲಸದಲ್ಲಿದ್ದು ದೀಪಾವಳಿಗೆ ಊರಿಗೆ ಬರುತ್ತಾನೆ. ಅಲ್ಲಿ ಬೆಲೆ ಕಡಿಮೆ, ತಂದುಕೊಡುತ್ತೇನೆ ಎನ್ನುತ್ತಾನೆ. ಹೀಗಿರುವಾಗ ಸ್ವಿಚ್ 2 ಕೊಳ್ಳುವುದು ಜಾಣತನವೇ, ಅಥವಾ ಇಲ್ಲಿನ ಅಂಗಡಿಯಲ್ಲೇ ಸಿಗುವ ಪ್ಲೇಸ್ಟೇಷನ್ 5 ತೆಗೆದುಕೊಳ್ಳುವುದು ಒಳ್ಳೆಯದೇ? ಹೊಗಳಿಕೆ ಬೇಡ, ಕುಂದುಕೊರತೆಗಳನ್ನೂ ಸೇರಿಸಿ ಹೇಳಿ.

ಉತ್ತರ: ಹಾಸನ_ಪಿಕ್ಸೆಲ್

ಮೇಡಂ, ನಮಸ್ಕಾರ. ನಾನು ಸ್ವಿಚ್‌ನ ಮೊದಲ ಆವೃತ್ತಿಯನ್ನು ವರ್ಷಗಟ್ಟಲೆ ಬಳಸಿದವನು, ಈಗ ಮನೆಯಲ್ಲಿರುವುದು ಸ್ವಿಚ್ 2. ನೀವು ಕೇಳಿದ ಕ್ರಮದಲ್ಲೇ, ಕರೆಂಟಿನಿಂದ ಆರಂಭಿಸುತ್ತೇನೆ.

ಈ ಯಂತ್ರ ನಮ್ಮ ಭಾಗಕ್ಕೆ ಹೊಂದುವ ದೊಡ್ಡ ಕಾರಣ ಅದರ ಚಿಪ್ ಅಲ್ಲ, ಬ್ಯಾಟರಿ. 5,220 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಒಳಗೇ ಇದೆ. ಟಿವಿಯಲ್ಲಿ ಆಡುತ್ತಿರುವಾಗ ಕರೆಂಟ್ ಹೋದರೆ ಟಿವಿ ಆರುತ್ತದೆ, ಆದರೆ ಆಟ ಕಳೆದುಹೋಗುವುದಿಲ್ಲ. ಕನ್ಸೋಲನ್ನು ಡಾಕ್‌ನಿಂದ (ಟಿವಿಗೆ ಜೋಡಿಸುವ ಪೀಠ) ಎತ್ತಿಕೊಂಡರೆ ನಿಲ್ಲಿಸಿದಲ್ಲಿಂದಲೇ ಅದರ ಸ್ವಂತ ಪರದೆಯ ಮೇಲೆ ಮುಂದುವರಿಸಬಹುದು. ಹಿಂಬದಿಯಲ್ಲಿರುವ ಆಸರೆಕಾಲನ್ನು ಬೇಕಾದ ಕೋನಕ್ಕೆ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿ, ಎಡಬಲದ ಜಾಯ್-ಕಾನ್ ಎಂಬ ಪುಟ್ಟ ಕಂಟ್ರೋಲರ್‌ಗಳನ್ನು ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಇಬ್ಬರು ಮಕ್ಕಳೂ ಆಡುತ್ತಾರೆ. ಎರಡನೆಯ ಕಂಟ್ರೋಲರ್‌ಗೆ ಪ್ರತ್ಯೇಕ ಹಣ ತೆರಬೇಕಿಲ್ಲ. ಈ ಅನುಕೂಲ ಪ್ಲೇಸ್ಟೇಷನ್ನಿನಲ್ಲಾಗಲಿ ಎಕ್ಸ್‌ಬಾಕ್ಸ್‌ನಲ್ಲಾಗಲಿ ಇಲ್ಲ.

ಆದರೆ ಬ್ಯಾಟರಿಯ ಬಗ್ಗೆ ಅತಿಯಾದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಿಂಟೆಂಡೊ ಸ್ವತಃ ಹೇಳುವುದೇ ಸುಮಾರು 2ರಿಂದ 6.5 ಗಂಟೆ ಎಂದು. ಆ ಆರೂವರೆ ಗಂಟೆ ಸಣ್ಣಪುಟ್ಟ ಆಟಗಳಿಗೆ ಮಾತ್ರ. ದೊಡ್ಡ ಆಟವಾದರೆ ಎರಡರಿಂದ ಮೂರು ಗಂಟೆಯೊಳಗೆ ಮುಗಿಯಿತೆಂದೇ ಲೆಕ್ಕ ಹಾಕಿ. 2019ರಲ್ಲಿ ಸುಧಾರಿಸಿ ಬಿಟ್ಟ ಹಳೆಯ ಸ್ವಿಚ್‌ಗೆ ಕಂಪನಿ ಹೇಳಿದ್ದು 4.5ರಿಂದ 9 ಗಂಟೆ. ಅಂದರೆ ಈ ಒಂದು ವಿಷಯದಲ್ಲಿ ಹೊಸತು ಹಳೆಯದಕ್ಕಿಂತ ಹಿಂದೆಯೇ ಇದೆ. ನಿಮ್ಮ ಇನ್ವರ್ಟರ್ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ: ಜೊತೆಗೆ ಬರುವ ಅಡಾಪ್ಟರ್‌ನ ಗರಿಷ್ಠ ಸಾಮರ್ಥ್ಯವೇ 60 ವ್ಯಾಟ್. ಯುಎಸ್‌ಬಿ-ಸಿ ಇರುವ ಒಳ್ಳೆಯ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತದೆ. ಚಾರ್ಜಿಂಗ್ ಕಿಂಡಿಗಳು ಮೇಲೊಂದು, ಕೆಳಗೊಂದು ಇರುವುದರಿಂದ ಆಸರೆಕಾಲಿನ ಮೇಲೆ ನಿಂತಿದ್ದಾಗಲೂ ಮೇಲಿನಿಂದ ವಯರ್ ಸಿಕ್ಕಿಸಬಹುದು. ಹಳೆಯ ಸ್ವಿಚ್‌ನಲ್ಲಿ ಕಿಂಡಿ ಕೆಳಗೆ ಮಾತ್ರ ಇದ್ದು ಮೇಜಿನ ಮೇಲೆ ನಿಲ್ಲಿಸಿದಾಗ ಚಾರ್ಜ್ ಮಾಡಲು ಸಾಧ್ಯವಿರಲಿಲ್ಲ. ಈ ಸಣ್ಣ ತಿದ್ದುಪಡಿಯ ಬೆಲೆ ಮಳೆಗಾಲದ ಸಂಜೆ ಗೊತ್ತಾಗುತ್ತದೆ.

ಇನ್ನು ಪರದೆ. 7.9 ಇಂಚು, 1080ಪಿ, ಸೆಕೆಂಡಿಗೆ 120 ಚಿತ್ರಗಳವರೆಗೆ ತೋರಿಸಬಲ್ಲದು. 2017ರ ಸ್ವಿಚ್‌ನ 6.2 ಇಂಚು, 720ಪಿ ಪರದೆಯ ಪಕ್ಕದಲ್ಲಿಟ್ಟರೆ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಇದು ಎಲ್‌ಸಿಡಿ. 2021ರ ಒಎಲ್‌ಇಡಿ ಮಾದರಿಯಲ್ಲಿದ್ದ ಗಾಢ ಕಪ್ಪು ಇದರಲ್ಲಿಲ್ಲ, ಕತ್ತಲೆಯ ದೃಶ್ಯಗಳು ಬೂದುಬಣ್ಣಕ್ಕೆ ತಿರುಗುತ್ತವೆ. ವೇಗವಾಗಿ ಓಡುವ ದೃಶ್ಯಗಳಲ್ಲಿ ಬಿಂಬ ಸ್ವಲ್ಪ ಕದಡಿದಂತೆ ಕಾಣುತ್ತದೆ. ಪರದೆಯ ಸ್ಪಂದನೆ ನಿಧಾನವೆಂದು ತಾಂತ್ರಿಕ ವಿಮರ್ಶಕರು ಅಳೆದು ತೋರಿಸಿದ್ದಾರೆ. ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ತಂತ್ರ) ಎಂದು ಪೆಟ್ಟಿಗೆಯ ಮೇಲೆ ಹಾಕಿದ್ದರೂ ಅದಕ್ಕೆ ತಕ್ಕ ಬೆಳಕು ಆ ಪರದೆಯಲ್ಲಿಲ್ಲ. ಮಕ್ಕಳು ಇದನ್ನು ಗಮನಿಸುವುದಿಲ್ಲ, ನಾನು ಗಮನಿಸುತ್ತೇನೆ.

ಟಿವಿಗೆ ಜೋಡಿಸಿದಾಗ 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ಕಳಿಸಬಲ್ಲದು. ಒಳಗಿರುವುದು ಎನ್‌ವಿಡಿಯಾ ತಯಾರಿಸಿದ ಚಿಪ್. ಕಡಿಮೆ ಸ್ಪಷ್ಟತೆಯಲ್ಲಿ ಬಿಡಿಸಿದ ಚಿತ್ರವನ್ನು ಡಿಎಲ್‌ಎಸ್‌ಎಸ್ ಎಂಬ ತಂತ್ರದಿಂದ ಹಿಗ್ಗಿಸಿ ಚೊಕ್ಕಗೊಳಿಸುತ್ತದೆ. ಸೈಬರ್‌ಪಂಕ್ 2077ರಷ್ಟು ಭಾರದ ಆಟ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಓಡುತ್ತಿರುವುದಕ್ಕೆ ಇದೂ ಒಂದು ಕಾರಣ. ಹಳೆಯ ಸ್ವಿಚ್‌ನ ಬಹುತೇಕ ಎಲ್ಲ ಆಟಗಳೂ ಇದರಲ್ಲಿ ನಡೆಯುತ್ತವೆ. ಪೋಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್ ಹಳೆಯ ಯಂತ್ರದಲ್ಲಿ ತೆವಳುತ್ತಿದ್ದವು. ಉಚಿತ ನವೀಕರಣದ ಬಳಿಕ ಇಲ್ಲಿ ಸಲೀಸಾಗಿ ಓಡುತ್ತವೆ. ಜೆಲ್ಡಾದ ಎರಡು ದೊಡ್ಡ ಆಟಗಳ ಸುಧಾರಿತ ರೂಪಕ್ಕೆ ಮಾತ್ರ ಹತ್ತು ಡಾಲರ್‌ನಂತೆ ಕೇಳುತ್ತಾರೆ.

ಕೊರತೆಗಳಲ್ಲಿ ನನಗೆ ಹೆಚ್ಚು ಚುಚ್ಚುವುದು ಕಂಟ್ರೋಲರ್‌ನ ಕಡ್ಡಿ, ಅಂದರೆ ಪಾತ್ರವನ್ನು ನಡೆಸಲು ಹೆಬ್ಬೆರಳಿನಿಂದ ಅತ್ತಿತ್ತ ತಳ್ಳುವ ಸ್ಟಿಕ್. ಹಳೆಯ ಜಾಯ್-ಕಾನ್‌ಗಳ ಕಡ್ಡಿ ಸವೆದು, ಯಾರೂ ಮುಟ್ಟದಿದ್ದರೂ ಪಾತ್ರ ತಾನಾಗಿ ನಡೆಯುವ ದೋಷ ಜಗತ್ತಿನಾದ್ಯಂತ ಸುದ್ದಿಯಾಗಿ, ಅಮೆರಿಕದಲ್ಲಿ ಮೊಕದ್ದಮೆಗಳಾಗಿ, 2020ರ ಜೂನ್‌ನಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಅವರೇ ಕ್ಷಮೆ ಕೋರಿದ್ದರು. ಇಷ್ಟೆಲ್ಲ ಆದ ಮೇಲೂ ಹೊಸ ಜಾಯ್-ಕಾನ್‌ನಲ್ಲಿ ಅಯಸ್ಕಾಂತದ ನೆರವಿನಿಂದ ಉಜ್ಜಾಟವಿಲ್ಲದೆ ಕೆಲಸ ಮಾಡುವ ಹಾಲ್ ಎಫೆಕ್ಟ್ ಸಂವೇದಕ ಹಾಕಿಲ್ಲ. ಯಂತ್ರಗಳ ದುರಸ್ತಿ ಹೇಳಿಕೊಡುವ ಐಫಿಕ್ಸಿಟ್‌ನವರು ಬಿಚ್ಚಿ ನೋಡಿದಾಗ ಕಂಡದ್ದು ಅದೇ ಸವೆಯುವ ಬಗೆಯ ಭಾಗಗಳು. ದುರಸ್ತಿಯ ಸುಲಭತೆಗೆ ಅವರು ಕೊಟ್ಟ ಅಂಕ ಹತ್ತಕ್ಕೆ ಮೂರು: ಬ್ಯಾಟರಿಯನ್ನು ಅಂಟಿನಿಂದ ಬಿಗಿಯಾಗಿ ಕೂರಿಸಿದ್ದಾರೆ, ಸಂಗ್ರಹದ ಚಿಪ್ಪನ್ನು ಬೆಸುಗೆ ಹಾಕಿದ್ದಾರೆ. ಹೊಸ ಕಡ್ಡಿ ದೊಡ್ಡದು, ಕೈಗೆ ಹಿತ, ಆದರೆ ಎಷ್ಟು ವರ್ಷ ಹೀಗೇ ಇರುತ್ತದೆ ಎಂಬ ಅಳುಕು ನನಗಿದೆ.

ಇಷ್ಟಾದರೂ ನಿಮ್ಮ ಮನೆಗೆ ನನ್ನ ಮತ ಸ್ವಿಚ್ 2ಕ್ಕೇ.

ಉತ್ತರ: ಬೇಲೂರು_ರಸ್ತೆ (ಹಾಸನ)

ಹಾಸನ_ಪಿಕ್ಸೆಲ್ ಅವರು ಯಂತ್ರದ ಗುಣದೋಷಗಳನ್ನು ಚೆನ್ನಾಗಿಯೇ ಬಿಡಿಸಿಟ್ಟಿದ್ದಾರೆ. ಆದರೆ ಕೊನೆಯ ಒಂದು ಸಾಲಿನ ತೀರ್ಪನ್ನು ನಾನು ಒಪ್ಪುವುದಿಲ್ಲ. ಒಂದು ವಸ್ತು ಎಷ್ಟು ಒಳ್ಳೆಯದು ಎಂಬುದರ ಜೊತೆಗೆ ಕೆಟ್ಟರೆ ಯಾರ ಬಳಿ ಒಯ್ಯಬೇಕು ಎಂಬುದೂ ಅದರ ಗುಣದಲ್ಲೇ ಸೇರುತ್ತದೆ ಎಂದು ನಂಬಿದವನು ನಾನು.

ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವ ಸ್ವಿಚ್‌ಗಳೆಲ್ಲ ಯಾರೋ ಆಮದು ಮಾಡಿ ತಂದವು. ಅಂಗಡಿಯವನು ಕೊಡುವ ವಾರಂಟಿ ಅಂಗಡಿಯವನದೇ ಹೊರತು ಕಂಪನಿಯದಲ್ಲ. ಭಾರತಕ್ಕೆಂದು ಪ್ರತ್ಯೇಕ ಈ-ಶಾಪ್ (ನಿಂಟೆಂಡೊದ ಡಿಜಿಟಲ್ ಆಟಗಳ ಅಂಗಡಿ) ಕೂಡ ಇಲ್ಲ; ಡಿಜಿಟಲ್ ಆಟ ಬೇಕಾದರೆ ಬೇರೆ ದೇಶದ ಖಾತೆ ತೆರೆದು ಆ ದೇಶದ ಹಣದಲ್ಲಿ ಕೊಳ್ಳಬೇಕು. ಮಾರಿಯೋ ಕಾರ್ಟ್ ವರ್ಲ್ಡ್ ಒಂದೇ 80 ಡಾಲರ್. ಇಷ್ಟು ಹಣ ಕೊಟ್ಟು ಮಕ್ಕಳ ಆಟ ಒಂದನ್ನು ತರುವ ಬದಲು ಅದೇ ಮೊತ್ತಕ್ಕೆ ಪ್ಲೇಸ್ಟೇಷನ್ನಿನ ಹಳೆಯ ಆದರೆ ಒಳ್ಳೆಯ ಎರಡು ಮೂರು ಡಿಸ್ಕ್‌ಗಳು ಬರುತ್ತವೆ, ಆಡಿ ಮುಗಿಸಿ ಮಾರಲೂಬಹುದು. ನಿಂಟೆಂಡೊ ತನ್ನ ಆಟಗಳ ಬೆಲೆಯನ್ನು ವರ್ಷಗಳಾದರೂ ಇಳಿಸುವುದಿಲ್ಲ ಎಂಬುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ವಿಷಯ.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, ಜಗತ್ತಿನ ಉಳಿದೆಡೆಗಿಂತ ಸುಮಾರು ಮೂರು ತಿಂಗಳು ತಡವಾಗಿ. ತೆಳ್ಳಗಿನ ಮಾದರಿ 2024ರ ಏಪ್ರಿಲ್‌ನಲ್ಲಿ ಬಂತು. ಇವು ಭಾರತದ ಬಿಲ್ಲಿನೊಂದಿಗೆ, ಕಂಪನಿಯ ವಾರಂಟಿಯೊಂದಿಗೆ ಸಿಗುತ್ತವೆ. ಹಾಗೆಂದು ಪ್ಲೇಸ್ಟೇಷನ್ ಮಾಡುವ ಸೋನಿಯವರೂ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡಿಲ್ಲ: 2024ರ ನವೆಂಬರ್‌ನಲ್ಲಿ ಪ್ರೊ ಮಾದರಿ ಬಂದಾಗ ಭಾರತವನ್ನು ಹೊರಗಿಟ್ಟರು, 6 ಗಿಗಾಹರ್ಟ್ಸ್ ತರಂಗದ ವೈ-ಫೈಗೆ ಇಲ್ಲಿ ಅನುಮತಿ ಇಲ್ಲವೆಂಬ ಕಾರಣ ಹೇಳಿದರು. ಆದರೆ ಮೇಡಂ ಅವರ ಅಗತ್ಯಕ್ಕೆ ಪ್ರೊ ಬೇಕಾಗಿಯೇ ಇಲ್ಲ.

ಕರೆಂಟಿನ ವಿಷಯದಲ್ಲಿ ಪ್ಲೇಸ್ಟೇಷನ್ ಹಿಂದೆ ಬೀಳುತ್ತದೆ ಎಂಬುದು ನಿಜ. ದೊಡ್ಡ ಆಟ ನಡೆಯುವಾಗ ಅದು ಸುಮಾರು 200 ವ್ಯಾಟ್ ಎಳೆಯುತ್ತದೆ. ಟಿವಿ ಸೇರಿದರೆ 250. ಆಟದ ನಡುವೆ ಏಕಾಏಕಿ ಕರೆಂಟ್ ಹೋದರೆ ಮತ್ತೆ ಹಚ್ಚಿದಾಗ ಸಂಗ್ರಹವನ್ನು ಪರೀಕ್ಷಿಸಿ ಸರಿಪಡಿಸುತ್ತಿದ್ದೇನೆ ಎಂಬ ಸಂದೇಶ ಬರುತ್ತದೆ, ಆ ಹೊತ್ತಿಗೆ ಉಳಿಸದಿದ್ದ ಆಟದ ಭಾಗ ಹೋಗಿರುತ್ತದೆ. ಕಂಪ್ಯೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಒಂದನ್ನು ನಡುವೆ ಇಟ್ಟರೆ ಆಟ ಉಳಿಸಿ ಸರಿಯಾಗಿ ಆರಿಸುವಷ್ಟು ನಿಮಿಷಗಳು ಸಿಗುತ್ತವೆ. ಹಾಸನ ನಗರದೊಳಗೆ ನಮಗೆ ಅಷ್ಟು ಸಾಕು. ಕೊಪ್ಪದ ತೋಟದ ಮನೆಗೆ ಸಾಕೇ ಎಂಬುದನ್ನು ಅವರೇ ಹೇಳಬೇಕು.

ಮರುಉತ್ತರ: ಹಾಸನ_ಪಿಕ್ಸೆಲ್

ವಾರಂಟಿಯ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಆದರೆ "ಮಕ್ಕಳ ಆಟ" ಎಂದು ಸರಿಸಿಬಿಟ್ಟದ್ದು ಸರಿ ಕಾಣಲಿಲ್ಲ. ಇಲ್ಲಿ ಕೇಳುತ್ತಿರುವುದು ಮಕ್ಕಳಿಗೇ ಅಲ್ಲವೇ? ಒಂದೇ ಪರದೆಯ ಮುಂದೆ ಇಬ್ಬರು, ಮೂವರು, ನಾಲ್ವರು ಕುಳಿತು ಆಡುವ ಆಟಗಳನ್ನು ನಿಂಟೆಂಡೊ ತನ್ನ ಮುಖ್ಯ ಕಸುಬಾಗಿಯೇ ಉಳಿಸಿಕೊಂಡಿದೆ. ಉಳಿದ ಕಂಪನಿಗಳಲ್ಲಿ ಅದು ಅಪರೂಪವಾಗುತ್ತಿದೆ. ಪ್ಲೇಸ್ಟೇಷನ್ನಿನ ಆಸ್ಟ್ರೋ ಬಾಟ್ ಅದ್ಭುತವಾದ ಆಟ, ಆದರೆ ಒಬ್ಬರೇ ಆಡುವಂಥದ್ದು. ಎರಡನೆಯ ಮಗು ಪಕ್ಕದಲ್ಲಿ ಕುಳಿತು ತನ್ನ ಸರದಿ ಕಾಯಬೇಕು.

ಉತ್ತರ: ಮೂಡಿಗೆರೆ_ಮಳೆ

ಇಬ್ಬರೂ ಒಂದು ಸಾಲನ್ನು ಬಿಟ್ಟು ಓದಿದಂತಿದೆ. ಮೇಡಂ ಅವರ ತಮ್ಮ ಕನ್ಸೋಲ್ ತರುವುದು ಜಪಾನಿನಿಂದ, ಅಲ್ಲಿ ಬೆಲೆ ಕಡಿಮೆ ಎಂದು. ಈ ಕಡಿಮೆ ಬೆಲೆಯ ಗುಟ್ಟನ್ನು ತಿಳಿಯದೆ ಹಣ ಕೊಡಬೇಡಿ.

ಜಪಾನಿನಲ್ಲಿ ಸ್ವಿಚ್ 2 ಎರಡು ರೂಪಗಳಲ್ಲಿ ಬಿಡುಗಡೆಯಾಯಿತು. ಆಗ ಒಂದರ ಬೆಲೆ 49,980 ಯೆನ್ ಇತ್ತು, ಅಂದಿನ ವಿನಿಮಯದಲ್ಲಿ ಸುಮಾರು 30 ಸಾವಿರ ರೂಪಾಯಿ. ಅಮೆರಿಕದಲ್ಲಿ ಅದೇ ಯಂತ್ರಕ್ಕೆ 449.99 ಡಾಲರ್ ಇತ್ತು, ಎಂದರೆ 38 ಸಾವಿರದ ಮೇಲೆ. ಎಂಟು ಸಾವಿರದ ಉಳಿತಾಯ ಯಾರಿಗೆ ಬೇಡ? ಆದರೆ ಆ ಅಗ್ಗದ ಯಂತ್ರ ಜಪಾನಿನವರಿಗಾಗಿಯೇ ಮಾಡಿದ್ದು. ಅದರ ಎಲ್ಲ ಮೆನುಗಳೂ, ಸೂಚನೆಗಳೂ ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತವೆ, ಇಂಗ್ಲಿಷಿಗೆ ಬದಲಿಸಲು ಬರುವುದಿಲ್ಲ. ಅಷ್ಟೇ ಆಗಿದ್ದರೆ ಮಕ್ಕಳು ಚಿತ್ರ ನೋಡಿ ಕಲಿತುಬಿಡುತ್ತಿದ್ದರು; ಆದರೆ ಜಪಾನ್ ದೇಶಕ್ಕೆ ನೋಂದಾಯಿಸಿದ ನಿಂಟೆಂಡೊ ಖಾತೆಗಳನ್ನು ಮಾತ್ರ ಅದಕ್ಕೆ ಜೋಡಿಸಬಹುದು. ನೀವು ಅಮೆರಿಕದ ಖಾತೆಯಲ್ಲಿ ಕೊಂಡ ಆಟ ಅದರಲ್ಲಿ ಬರುವುದಿಲ್ಲ. ಯೆನ್ ಬೆಲೆ ಕುಸಿದಿದ್ದ ಕಾಲದಲ್ಲಿ ಹೊರದೇಶದವರು ಜಪಾನಿಗೆ ಹೋಗಿ ರಾಶಿ ರಾಶಿ ಕೊಂಡು ತರದಂತೆ ಹಾಕಿದ ಬೇಲಿ ಇದು ಎಂದೇ ನಾನು ತಿಳಿಯುತ್ತೇನೆ. ಹಳೆಯ ಸ್ವಿಚ್‌ಗೆ ಇಂತಹ ನಿರ್ಬಂಧ ಇರಲಿಲ್ಲವಾದ್ದರಿಂದ "ಜಪಾನಿನದು ತಂದರೆ ಏನೂ ತೊಂದರೆಯಿಲ್ಲ" ಎಂಬ ಹಳೆಯ ಸಲಹೆ ಇನ್ನೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ.

ಬಹುಭಾಷೆಯ ರೂಪವೂ ಅಲ್ಲಿದೆ. ಬಿಡುಗಡೆಯಾದಾಗ ಅದರ ಬೆಲೆ 69,980 ಯೆನ್ ಇತ್ತು, ರೂಪಾಯಿಯಲ್ಲಿ 40 ಸಾವಿರ ದಾಟುತ್ತಿತ್ತು, ಮಾರುವುದು ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ. ಆ ಬೆಲೆಗೆ ಜಪಾನಿನಿಂದ ತರುವುದರಲ್ಲಿ ಲಾಭವೇನೂ ಉಳಿಯುವುದಿಲ್ಲ.

ಎರಡನೆಯದು ಇಂಟರ್ನೆಟ್, ಇದೇ ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು. ಸ್ವಿಚ್ 2ರ ಆಟಗಳು ಅಂಗಡಿಯಲ್ಲಿ ಕಾರ್ಡ್ ರೂಪದಲ್ಲಿ ಸಿಗುತ್ತವೆ ಎಂದು ನೆಮ್ಮದಿಯಾಗಿರುವಂತಿಲ್ಲ. ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ. ಗೇಮ್-ಕೀ ಕಾರ್ಡ್ ಎಂದು ಅದರ ಹೆಸರು. ಅದು ಬರೀ ಬೀಗದ ಕೈ. ಕಾರ್ಡ್ ಹಾಕಿದ ಮೇಲೆ ಇಡೀ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು, ಮೊದಲ ಬಾರಿ ತೆರೆಯುವಾಗಲೂ ಇಂಟರ್ನೆಟ್ ಬೇಕು, ಆಮೇಲೂ ಆಡುವಾಗಲೆಲ್ಲ ಕಾರ್ಡ್ ಒಳಗಿರಬೇಕು. ಸ್ಟ್ರೀಟ್ ಫೈಟರ್ 6, ಬ್ರೇವ್ಲಿ ಡಿಫಾಲ್ಟ್ ಇವೆಲ್ಲ ಬಂದದ್ದು ಹೀಗೆ. ಸೈಬರ್‌ಪಂಕ್ ತಯಾರಕರು ಮಾತ್ರ 64 ಜಿಬಿಯ ಕಾರ್ಡ್ ಬಳಸಿ ಪೂರ್ತಿ ಆಟವನ್ನು ಅದರಲ್ಲೇ ತುಂಬಿಕೊಟ್ಟರು, ಆ ಕಾರಣಕ್ಕೇ ಹೊಗಳಿಸಿಕೊಂಡರು. ನಿಂಟೆಂಡೊ ತಾನೇ ಮಾಡಿದ ಮಾರಿಯೋ ಕಾರ್ಟ್ ವರ್ಲ್ಡ್, ಡಾಂಕಿ ಕಾಂಗ್ ಬನಾಂಜಾ ಕಾರ್ಡ್‌ನಲ್ಲೇ ಪೂರ್ತಿ ಇವೆ.

ಇದು ನಮ್ಮ ಊರುಗಳಲ್ಲಿ ಏನಾಗುತ್ತದೆ ನೋಡಿ. ಸೆಕೆಂಡಿಗೆ 10 ಮೆಗಾಬಿಟ್ ವೇಗ ಎಡೆಬಿಡದೆ ಸಿಕ್ಕಿತೆಂದೇ ಇಟ್ಟುಕೊಂಡರೂ 60 ಜಿಬಿಯ ಆಟ ಇಳಿಯಲು ಹದಿಮೂರು ಗಂಟೆ ಮೀರುತ್ತದೆ. ಮೊಬೈಲ್ ಪ್ಯಾಕಿನಲ್ಲಿ ದಿನಕ್ಕೆ 2 ಜಿಬಿ ಎಂದಾದರೆ ಒಂದು ಆಟಕ್ಕೆ ಪೂರಾ ಒಂದು ತಿಂಗಳ ಪ್ಯಾಕ್ ಹೋಯಿತು, ಮಗಳ ಆನ್‌ಲೈನ್ ಪಾಠಕ್ಕೆ ಏನೂ ಉಳಿಯುವುದಿಲ್ಲ. ಬೇಲೂರು_ರಸ್ತೆಯವರು ಡಿಸ್ಕ್ ಎಂದರಲ್ಲ, ಪ್ಲೇಸ್ಟೇಷನ್ನಿನ ಡಿಸ್ಕ್ ಹಾಕಿದರೂ ಹತ್ತಾರು ಜಿಬಿಯ ತಿದ್ದುಪಡಿಗಳನ್ನು ಕೇಳುವ ಆಟಗಳು ಬೇಕಾದಷ್ಟಿವೆ. ಹಾಸನದಲ್ಲಿ ಫೈಬರ್ ಇರುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಜಾಗದ ಲೆಕ್ಕವೂ ಇದಕ್ಕೆ ಸೇರಿಕೊಂಡಿದೆ. ಒಳಗಿರುವುದು 256 ಜಿಬಿ. ಸಾಲದಾದರೆ ಮೊಬೈಲಿನ ಹಳೆಯ ಮೆಮೊರಿ ಕಾರ್ಡ್ ಹಾಕಿ ಆಟ ತುಂಬುವಂತಿಲ್ಲ. ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಎಂಬ ದುಬಾರಿ ಜಾತಿಯ ಕಾರ್ಡೇ ಆಗಬೇಕು. ಹಳೆಯ ಕಾರ್ಡಿನಿಂದ ಹಿಂದೆ ತೆಗೆದಿಟ್ಟ ಚಿತ್ರ, ವಿಡಿಯೊಗಳನ್ನು ನೋಡಬಹುದು, ಅಷ್ಟೇ.

ಉತ್ತರ: ಬಾಳೆಹೊನ್ನೂರು_ಅಂಚೆ

ಥಂಡಿಯ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮಲ್ಲಿ ಜುಲೈ, ಆಗಸ್ಟಿನಲ್ಲಿ ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಕ್ಯಾಮೆರಾ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಕನ್ಸೋಲಿನ ಗಾಳಿಕಿಂಡಿ ತೆರೆದೇ ಇರುತ್ತದೆ, ಹಾಗಾಗಿ ಬಳಸದೆ ತಿಂಗಳುಗಟ್ಟಲೆ ಇಡುವುದು ಒಳ್ಳೆಯದಲ್ಲ. ಸ್ವಿಚ್ 2 ಆದರೆ ಜಾಯ್-ಕಾನ್ ಸಮೇತ ಸುಮಾರು 534 ಗ್ರಾಂ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಬಿಡಬಹುದು. ತೆಳ್ಳಗಿನದೆಂದು ಹೆಸರಾದ ಪ್ಲೇಸ್ಟೇಷನ್ ಕೂಡ ಮೂರು ಕೆಜಿ ದಾಟುತ್ತದೆ, ಅದನ್ನು ಯಾವ ಡಬ್ಬಿಯಲ್ಲಿಡುವಿರಿ? ಸಿಡಿಲು ಗುಡುಗುವಾಗ ಪ್ಲಗ್ ಕಿತ್ತಿಡುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಎಚ್‌ಡಿಎಂಐ ವಯರನ್ನೂ ಜೊತೆಗೆ ತೆಗೆಯಿರಿ, ಡಿಶ್ ಕೇಬಲ್ ಮೂಲಕ ಟಿವಿಗೆ ಬಂದ ಏಟು ಅದರ ಹಾದಿಯಲ್ಲೂ ಹರಿಯುತ್ತದೆ.

ಪ್ರಶ್ನೆ ಕೇಳಿದವರು: ತೋಟದಮನೆ (ಕೊಪ್ಪ)

ಎಲ್ಲರಿಗೂ ಧನ್ಯವಾದ. ಜಪಾನಿ ಆವೃತ್ತಿಯ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ತಮ್ಮನಿಗೆ ಫೋನ್ ಮಾಡಿ ಕೇಳಿದಾಗ ಅವನು ನೋಡಿಟ್ಟಿದ್ದು ಆ ಅಗ್ಗದ್ದನ್ನೇ. ಅದು ಬೇಡವೆಂದು ಹೇಳಿದ್ದಾಯಿತು. ಅವನ ಸಹೋದ್ಯೋಗಿಯೊಬ್ಬರು ಅಮೆರಿಕದಿಂದ ಬೆಂಗಳೂರಿಗೆ ಬರುವವರಿದ್ದಾರಂತೆ, ಅವರ ಕೈಯಲ್ಲಿ ತರಿಸುವ ಯೋಚನೆ.

ಯುಪಿಎಸ್ ಇಟ್ಟು ಪ್ಲೇಸ್ಟೇಷನ್ ನಡೆಸುವುದು ನಮ್ಮಲ್ಲಿ ಆಗದ ಮಾತು. ಹಗಲಿಡೀ ಕರೆಂಟ್ ಇಲ್ಲದ ದಿನ ಇನ್ವರ್ಟರಿನಲ್ಲಿ ಉಳಿದದ್ದು ದೀಪಕ್ಕೂ ಮೊಬೈಲ್ ಚಾರ್ಜಿಗೂ ಬೇಕು. ಇನ್ನೆರಡು ಸಂದೇಹಗಳಿವೆ. ಮಾರಿಯೋ ಕಾರ್ಟ್ ಸೇರಿಸಿ ಮಾರುವ ಪೆಟ್ಟಿಗೆ ಕೊಂಡರೆ ಉಳಿತಾಯವೆಂದು ಕೇಳಿದ್ದೇನೆ, ಅದು ಸರಿಯೇ? ಮಗ ಇನ್ನೂ ಚಿಕ್ಕವನು, ಹೊತ್ತಿನ ಪರಿವೆಯಿಲ್ಲದೆ ಆಡದಂತೆ ತಡೆಯುವ ಏರ್ಪಾಡು ಇದರಲ್ಲಿದೆಯೇ?

ಉತ್ತರ: ಮೂಡಿಗೆರೆ_ಮಳೆ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಪೋಷಕರಿಗೆಂದೇ ನಿಂಟೆಂಡೊದ ಉಚಿತ ಮೊಬೈಲ್ ಆ್ಯಪ್ ಇದೆ. ದಿನಕ್ಕೆ ಎಷ್ಟು ಹೊತ್ತು ಆಡಬಹುದೆಂದು ಅದರಲ್ಲಿ ಗೊತ್ತುಮಾಡಬಹುದು, ಯಾವ ಆಟ ಎಷ್ಟು ಹೊತ್ತು ಆಡಿದರೆಂಬುದೂ ಕಾಣುತ್ತದೆ. ಅವಧಿ ಮುಗಿದಾಗ ಬರೀ ಎಚ್ಚರಿಕೆ ಕೊಡಬೇಕೋ ಅಥವಾ ಆಟವನ್ನೇ ನಿಲ್ಲಿಸಬೇಕೋ ಎಂಬ ಆಯ್ಕೆ ನಿಮ್ಮದು. ಹೊಸ ಜಾಯ್-ಕಾನ್‌ನಲ್ಲಿರುವ ಸಿ ಗುಂಡಿ ಒತ್ತಿದರೆ ಆಡುತ್ತಲೇ ಗೆಳೆಯರೊಡನೆ ಮಾತನಾಡುವ ಗೇಮ್‌ಚಾಟ್ ತೆರೆಯುತ್ತದೆ. ಹದಿನಾರು ವರ್ಷದೊಳಗಿನವರಿಗೆ ಪೋಷಕರ ಅನುಮತಿ ಇಲ್ಲದೆ ಅದು ನಡೆಯುವುದಿಲ್ಲ. ನಿಮ್ಮ ಹಾಟ್‌ಸ್ಪಾಟ್‌ನಲ್ಲಿ ಅದು ಹೇಗೂ ನೆಟ್ಟಗೆ ನಡೆಯಲಾರದು, ಒಂದು ಚಿಂತೆ ಕಡಿಮೆ.

ಮಾರಿಯೋ ಕಾರ್ಟ್ ಸೇರಿದ ಪೆಟ್ಟಿಗೆ ಅಮೆರಿಕದಲ್ಲಿ 499.99 ಡಾಲರಿಗೆ ಬಿಡುಗಡೆಯಾಯಿತು. ಆಗ ಬಿಡಿಯಾಗಿ ಕೊಂಡರೆ 530 ಡಾಲರ್ ಆಗುತ್ತಿತ್ತಾದ್ದರಿಂದ 30 ಡಾಲರ್ ಉಳಿತಾಯವೆಂಬುದು ಲೆಕ್ಕಕ್ಕೆ ಸರಿ. ಆದರೆ ಆ ಪೆಟ್ಟಿಗೆಯಲ್ಲಿ ಆಟದ ಕಾರ್ಡ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ಹಕ್ಕು ಮಾತ್ರ ಸಿಗುತ್ತದೆ, ಆಟ 20 ಜಿಬಿಗೂ ಮೇಲಿದೆ. ಡೌನ್‌ಲೋಡ್ ಆಟವನ್ನು ಬೇಸರ ಬಂದಾಗ ಮಾರಲಾಗದು, ನೆಂಟರ ಮಕ್ಕಳ ಕೈಗೆ ಕಾರ್ಡ್ ಕೊಟ್ಟಂತೆ ಸುಲಭವಾಗಿ ಕೊಡಲೂ ಆಗದು. ನಿಮ್ಮ ಸ್ಥಿತಿಯಲ್ಲಿ ನಾನಾದರೆ ಕನ್ಸೋಲನ್ನೂ ಕಾರ್ಡನ್ನೂ ಬೇರೆ ಬೇರೆಯಾಗಿಯೇ ಕೊಳ್ಳುತ್ತೇನೆ.

ಸೆಕೆಂಡ್ ಹ್ಯಾಂಡ್ ಕನ್ಸೋಲ್ ಅಗ್ಗಕ್ಕೆ ಸಿಕ್ಕರೆ ದೂರವಿರಿ. ಆಟಗಳ ನಕಲು ಪ್ರತಿ ಓಡಿಸುವ ಕಾರ್ಡ್ ಬಳಸಿದ ಯಂತ್ರಗಳನ್ನು ನಿಂಟೆಂಡೊ 2025ರ ಜೂನ್‌ನಿಂದಲೇ ತನ್ನ ಆನ್‌ಲೈನ್ ಸೇವೆಗಳಿಂದ ನಿರ್ಬಂಧಿಸುತ್ತಿದೆ. ಆ ನಿರ್ಬಂಧ ಬೀಳುವುದು ಯಂತ್ರದ ಮೇಲೆ. ಕೈ ಬದಲಾದರೂ ಹೋಗುವುದಿಲ್ಲ.

ಉತ್ತರ: ಬೇಲೂರು_ರಸ್ತೆ (ಹಾಸನ)

ಇನ್ವರ್ಟರಿನ ವಿಷಯ ಕೇಳಿದ ಮೇಲೆ ಪ್ಲೇಸ್ಟೇಷನ್ ಕೊಳ್ಳಿ ಎಂದು ನಾನು ಹಟ ಹಿಡಿಯುವುದಿಲ್ಲ. ವಾರಂಟಿ ಇಲ್ಲದ ಯಂತ್ರ ಕೊಳ್ಳುವಾಗ ಎರಡು ಕೆಲಸ ಮಾಡಿ. ಅಮೆರಿಕದಿಂದ ಬರುವವರು ಅಲ್ಲಿಂದ ಹೊರಡುವ ಮೊದಲೇ ಪೆಟ್ಟಿಗೆ ಬಿಚ್ಚಿ ಪರದೆ, ಎರಡೂ ಕಡ್ಡಿಗಳು, ಡಾಕ್, ಚಾರ್ಜಿಂಗ್ ಎಲ್ಲವನ್ನೂ ಒಮ್ಮೆ ನಡೆಸಿ ನೋಡಲಿ. ಅಲ್ಲಿ ಕೆಟ್ಟದ್ದು ಕಂಡರೆ ಅಲ್ಲಿಯೇ ಬದಲಾಯಿಸಿಕೊಳ್ಳಬಹುದು, ಕೊಪ್ಪಕ್ಕೆ ಬಂದ ಮೇಲೆ ಕಂಡರೆ ಅದು ನಿಮ್ಮ ಕರ್ಮ. ಇನ್ನೊಂದು, ಬೆಂಗಳೂರಿನಲ್ಲಿ ಯಾರ ಮನೆಯಲ್ಲಿ ಇಳಿಯುತ್ತಾರೋ ಅವರ ವೈ-ಫೈನಲ್ಲೇ ಕನ್ಸೋಲಿನ ಮೊದಲ ನವೀಕರಣ ಮುಗಿಸಿ. ಹಳೆಯ ಸ್ವಿಚ್ ಆಟಗಳು ನಡೆಯಬೇಕಾದರೆ ಆ ನವೀಕರಣ ಆಗಲೇಬೇಕು. ಬೇಕಾದ ಆಟಗಳ ತಿದ್ದುಪಡಿಗಳನ್ನೂ ಅಲ್ಲಿಯೇ ಇಳಿಸಿಕೊಂಡು ಬನ್ನಿ.

ಅಮೆರಿಕದ ಅಡಾಪ್ಟರ್ ಆದರೂ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಚಪ್ಪಟೆ ಕಡ್ಡಿಯ ಪ್ಲಗ್ಗಿಗೆ ಹೊಂದುವ ಕನ್ವರ್ಟರ್ ಪಿನ್ ಕೊಪ್ಪದ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಕ್ಕೀತು, ಸಡಿಲವಾಗಿ ಕೂರುವ ಅಗ್ಗದ್ದನ್ನು ಮಾತ್ರ ತೆಗೆದುಕೊಳ್ಳಬೇಡಿ.